ಮೂವತ್ತೈದು ಸೆಂಟಿನ ಮಬ್ಬು ಹರಳು

ನಿಮ್ಮ ದೊಡ್ಡಣ್ಣ ತನ್ನ ನಿಶ್ಚಯದ ಉಂಗುರದ ಕಥೆಯನ್ನು ಈಗ ನಗುನಗುತ್ತಾ ಹೇಳುತ್ತಾನೆ. ನೀವೂ ನಗುತ್ತೀರಿ. ನನಗೆ ಇನ್ನೂ ನಗು ಬರುವುದಿಲ್ಲ. ಬಾಯಿಯಿಂದ ಹೇಳಲು ಹೋದರೆ ಅರ್ಧಕ್ಕೇ ಯಾರಾದರೂ ಮಾತು ಕಿತ್ತುಕೊಳ್ಳುತ್ತಾರೆ, ಹಾಗಾಗಿ ಬರೆದಿಡುತ್ತಿದ್ದೇನೆ. ಹಿರೇವಡ್ಡಟ್ಟಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ, ಮೊಮ್ಮಕ್ಕಳೇ.

ನಮ್ಮ ಮನೆತನದಲ್ಲಿ ನಿಶ್ಚಯದ ದಿನ ಗಂಡಿನ ಕಡೆಯವರು ಹುಡುಗಿಯ ಬೆರಳಿಗೆ ಉಂಗುರ ಹಾಕುತ್ತಾರೆ. ಒಮ್ಮೆ ಹಾಕಿದ ಉಂಗುರವನ್ನು ಕರಗಿಸುವಂತಿಲ್ಲ, ಬದಲಿಸುವಂತಿಲ್ಲ. ಹೇಗಿದ್ದರೂ ಅದು ಅವಳ ಜನ್ಮದ ಉಂಗುರ. ನನಗೆ ಹಾಕಿದ್ದು ಸಾದಾ ಬಂಗಾರದ್ದು, ನಿಮ್ಮ ಅವ್ವನಿಗೂ ಅಂಥದ್ದೇ. ನಿಮ್ಮಣ್ಣ ಮಾತ್ರ ವಜ್ರದ್ದೇ ಬೇಕು, ಅದನ್ನು ತನ್ನ ಸಂಬಳದಲ್ಲೇ ಕೊಳ್ಳುತ್ತೇನೆ ಎಂದ. ಹುಡುಗಿ ಲಕ್ಷ್ಮೇಶ್ವರದವಳು. ಮೊದಲ ಸಲ ನೋಡಲು ಹೋದಾಗ ತಲೆ ತಗ್ಗಿಸಿ ಕೂತಿದ್ದವಳು, ನಾನು ನೀರು ಕೇಳಿದ್ದಕ್ಕೆ ಓಡಿಹೋಗಿ ತಂದು, ಚೊಂಬನ್ನು ಸೆರಗಿನಿಂದ ಒರೆಸಿ ಕೊಟ್ಟಿದ್ದಳು. ನನಗೆ ಅಷ್ಟಕ್ಕೇ ಹಿಡಿಸಿಬಿಟ್ಟಿದ್ದಳು.

ವಜ್ರ ಎಂದ ಕೂಡಲೇ ನಿಮ್ಮ ಸಣ್ಣಜ್ಜ ಅಡ್ಡ ಬಂದ. ನನ್ನ ಮೈದುನ, ಮುಂಡರಗಿ ಪೇಟೆಯಲ್ಲಿ ಕಾಳಿನ ದಲಾಲಿ ಅಂಗಡಿ ನಡೆಸುವವನು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಮ್ಮ ಎರಡೂ ಮನೆಗಳಿಗೆ ಅವನೇ ಹಿರಿಯ. ಪಕ್ಕದ ಮನೆಯಲ್ಲೇ ಇದ್ದರೂ ಅವನ ಮಾತು ನಮ್ಮ ಪಡಸಾಲೆಯಲ್ಲೇ ಹುಟ್ಟುತ್ತದೆ.

"ವಜ್ರ ಅಂದ್ರ ಹುಡುಗಾಟಿಕಿ ಅಲ್ಲಲೇ," ಎಂದ. "ಅದು ಆಗಿ ಬರಬೇಕು. ಮೂರು ದಿನ ಜಗಲಿ ಮ್ಯಾಲೆ ಇಟ್ಟು ನೋಡೂದು. ಆಗಿ ಬಂದ್ರ ಉಂಗುರಕ್ಕ ಕೂಡಿಸೂದು, ಇಲ್ಲಂದ್ರ ತಿರುಗಿ ಕೊಡೂದು."

ನಮ್ಮ ಕಡೆ ಈ ನಂಬಿಕೆ ಬಹಳ ಮನೆಗಳಲ್ಲಿದೆ. ಹರಳನ್ನು ಬಿಳಿ ಅರಿವೆಯಲ್ಲಿ ಕಟ್ಟಿ ದೇವರ ಜಗಲಿಯ ಮೇಲಿಡುತ್ತಾರೆ. ಮೂರು ದಿನದಲ್ಲಿ ಕೆಟ್ಟ ಕನಸು ಬೀಳಬಾರದು, ಹಾಲು ಒಡೆಯಬಾರದು, ಮನೆಯಲ್ಲಿ ಯಾರಿಗೂ ಜ್ವರ ಬರಬಾರದು. ಅಂಗಡಿಯವರಿಗೂ ಇದು ಗೊತ್ತು. ಆಗಿ ಬರಲಿಲ್ಲ ಎಂದರೆ ಮಾತಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಹರಳು ಕೊಳ್ಳಲು ಗದಗಿಗೆ ಹೋಗುವ ಎರಡು ದಿನ ಮೊದಲು ನಿಮ್ಮಣ್ಣ ನನ್ನ ಬಳಿ ಕೂತು ಒಂದು ಹಾಳೆಯ ಮೇಲೆ ಹರಳಿನ ಚಿತ್ರ ಬರೆದ. ಮೇಲಿನಿಂದ ಬೆಳಕು ಒಳಗೆ ಹೋಗಬೇಕು, ಕೆಳಗಿನ ಇಳಿಜಾರಿಗೆ ತಾಗಿ ತಿರುಗಿ ಮೇಲಕ್ಕೇ ಬರಬೇಕು, ತಳ ಬಹಳ ಆಳವಾದರೆ ಬೆಳಕು ಬದಿಯಿಂದ ಸೋರಿಹೋಗಿ ನಡುವೆ ಕಪ್ಪಾಗುತ್ತದೆ ಎಂದು ತಿಳಿಸಿದ. "ತೂಕ ನೋಡಬಾರದು ಆಯಿ, ಕಟಿಂಗ್ ನೋಡಬೇಕು. ಕಟಿಂಗ್ ಛಲೋ ಇದ್ರ ಸಣ್ಣ ಹರಳೂ ದೊಡ್ಡದು ಕಾಣತೈತಿ."

ನನಗೆ ತಿಳಿಯಿತು. ಹಾಳೆಯ ಮೇಲೆ ಹೇಳುವುದಕ್ಕಿಂತ ಮೊದಲೇ ಅದರಲ್ಲಿ ಅರ್ಧ ನನಗೆ ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ ನನ್ನ ಅವ್ವನ ಮೂಗುತಿಗೆ ಹರಳು ಕೂಡಿಸಲು ಪತ್ತಾರ ಮನೆಗೇ ಬಂದಿದ್ದ. ಅಂಗಳದಲ್ಲಿ ಬಿಸಿಲಿದ್ದರೂ ಅವನು ತೊಲೆಬಾಗಿಲ ನೆರಳಿನಲ್ಲಿ ಕೂತು ಹರಳು ಆರಿಸುತ್ತಿದ್ದ. ಯಾಕೆಂದು ಕೇಳಿದ್ದಕ್ಕೆ, "ಬಿಸಲಾಗ ಗಾಜಿನ ಚೂರೂ ಹೊಳೀತೈತಿ ಮಗಾ. ನೆರಳಾಗ ಹೊಳದದ್ದು ಖರೆ ಹರಳು," ಎಂದಿದ್ದ.

ಗದಗಿಗೆ ನಾವು ನಾಲ್ವರು ಹೋದೆವು: ಸಣ್ಣಜ್ಜ, ನಿಮ್ಮ ಅಪ್ಪ, ನಿಮ್ಮಣ್ಣ, ನಾನು. ನಿಮ್ಮ ಅವ್ವನಿಗೆ ಅಂದು ಮೈ ಸರಿಯಿರಲಿಲ್ಲ. ಲಕ್ಷ್ಮೇಶ್ವರದಿಂದ ಹುಡುಗಿ ಮತ್ತು ಅವಳ ತಾಯಿ ಬಂದರು. ಮೊದಲು ಬೆಟಗೇರಿಯಲ್ಲಿ ನೇಕಾರರ ಮನೆಯಲ್ಲೇ ಸೀರೆ ತೆಗೆದೆವು. ಅಲ್ಲಿ ಬೀಗತಿಯ ಬಾಯಿಗೆ ಬಿಡುವೇ ಇರಲಿಲ್ಲ. ಒಂದು ಸೀರೆಯನ್ನು ಹಿಂಡಿ ನೋಡಿದರು, ಇನ್ನೊಂದರ ಸೆರಗನ್ನು ಬೆಳಕಿಗೆ ಹಿಡಿದರು. "ಈ ಬಣ್ಣ ಬ್ಯಾಡ್ರಿ, ನಾಕ ಸಲ ನೀರಿಗೆ ಬಿದ್ರ ಬದನಿಕಾಯಿ ಸಿಪ್ಪಿ ಆಕ್ಕೈತಿ," ಎಂದಾಗ ನೇಯುವವನ ಹೆಂಡತಿಯೇ ನಕ್ಕುಬಿಟ್ಟಳು. ನಾನೂ ಅಂಚು ತಿಕ್ಕಿ ನೋಡಿ ನನ್ನ ಮಾತು ಸೇರಿಸಿದೆ. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗುವ ಸೀರೆ ಸಿಕ್ಕಿತು.

ಹರಳಿನ ಅಂಗಡಿಯೊಳಗೆ ಕಾಲಿಟ್ಟದ್ದೇ ತಡ, ಎಲ್ಲರೂ ಮೂಕರಾದರು. ಕಾಲಡಿ ಮುಖ ಕಾಣುವಂಥ ನೆಲ, ತಲೆಯ ಮೇಲೆ ಸಾಲುಸಾಲು ದೀಪ. ಮೇಜಿನ ಮೇಲೆ ಇಟ್ಟಿದ್ದೆಲ್ಲ ಹೊಳೆಯುತ್ತಿತ್ತು. ಸಣ್ಣಜ್ಜನ ಕೈಗಡಿಯಾರವೂ ಹೊಳೆಯುತ್ತಿತ್ತು. ಸಣ್ಣಜ್ಜ ನಡುವಿನ ಕುರ್ಚಿಯಲ್ಲಿ ಕೂತ. ಶುಭದ ವಸ್ತುವನ್ನು ಮೊದಲು ಮುತ್ತೈದೆ ಮುಟ್ಟಲಿ ಎಂದು ಅವನೇ ಬೀಗತಿಯನ್ನು ಮುಂದೆ ಕೂರಿಸಿದ. ನಾನು ತಿಳಿದುಕೊಂಡು ಬಾಗಿಲ ಬದಿಯ ಸ್ಟೂಲಿಗೆ ಹೋದೆ. ಯಾರೂ ಹೋಗೆನ್ನಲಿಲ್ಲ, ಯಾರೂ ಬಾ ಎನ್ನಲೂ ಇಲ್ಲ.

ಅಂಗಡಿಯವನು ಎರಡು ಹರಳು ತೆಗೆದಿಟ್ಟ. ಒಂದು ಮೂವತ್ತೈದು ಸೆಂಟು, ಇನ್ನೊಂದು ಇಪ್ಪತ್ತೆಂಟು. ವಜ್ರವನ್ನು ಸೆಂಟಿನಲ್ಲಿ ತೂಗುತ್ತಾರೆ, ನೂರು ಸೆಂಟಿಗೆ ಒಂದು ಕ್ಯಾರೆಟ್. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ.

"ಬೆಲಿ ಒಂದಾದ್ರ ತೂಕದ್ದು ಬಿಟ್ಟು ಹಗುರಂದು ಯಾಕ ತಗೊಳ್ಳೂದು?" ಎಂದ ಸಣ್ಣಜ್ಜ. "ಆದರೂ ಹೆಣ್ಣಿನವರು ನೀವು. ನೀವು ಹೇಳ್ರಿ."

"ಅಯ್ಯ, ನಾವೇನ್ ಹೇಳೂದ್ರಿ? ಉಂಗುರ ತರಾವರು ನೀವು. ನೀವು ಹೇಳಿದ್ದ ಆತು," ಎಂದರು ಬೀಗತಿ.

"ಹಂಗಲ್ಲ, ಹಾಕ್ಕೊಳ್ಳಾಕಿ ನಿಮ್ಮ ಮಗಳು."

"ನಿಮ್ಮ ಮನಿಗೆ ಬರಾಕಿರಿ ಆಕಿ. ನಮ್ಮದೇನು?"

ಹುಡುಗಿಯನ್ನು ಕೇಳಿದರೆ ತಾಯಿಯ ಮುಖ ನೋಡಿದಳು. "ಯಾವದಾದ್ರೂ ನಡೀತೈತ್ರಿ," ಎಂದಳು. ನಿಮ್ಮ ಅಪ್ಪ, ತನ್ನ ಕಾಕಾ ಹೇಳಿದಂತೆ ಆಗಲಿ ಎಂದ. ಹೀಗೆ ಮರ್ಯಾದೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಾಡಿತು. ಹರಳನ್ನು ಯಾರೂ ನೋಡಲೇ ಇಲ್ಲ.

ನಿಮ್ಮಣ್ಣ ಎರಡೂ ಹರಳಿನ ತಟ್ಟೆಯನ್ನು ಹಿಡಿದುಕೊಂಡು ನನ್ನ ಕಡೆ ಬಂದ. ನಾನು ಕೂತಲ್ಲಿ ದೀಪದ ಸಾಲು ಇರಲಿಲ್ಲ. ಗಾಜಿನ ಬಾಗಿಲಿನಿಂದ ಬೀದಿಯ ಬೆಳಕು ಮಾತ್ರ ಬರುತ್ತಿತ್ತು. ಸೆರಗು ಅಡ್ಡ ಹಿಡಿದು ನೋಡಿದೆ. ಇಪ್ಪತ್ತೆಂಟರದ್ದು ಸೆರಗಿನ ನೆರಳಿನಲ್ಲೂ ಫಳಫಳ ಅನ್ನುತ್ತಿತ್ತು. ಮೂವತ್ತೈದರದ್ದು ಆರಿಹೋಯಿತು. ನಡುವೆ ಗುಲಗಂಜಿಯ ಮೇಲಿನ ಮಚ್ಚೆಯಂತೆ ಒಂದು ಕಪ್ಪು. ಅಗಲದಲ್ಲೂ ಅದು ದೊಡ್ಡದಾಗಿರಲಿಲ್ಲ. ಭಾರವೆಲ್ಲ ಹೊಟ್ಟೆಯಲ್ಲಿತ್ತು.

"ಇದರ ನಡುವ ಕರ್ರಗ ಐತಲ್ಲೋ," ಎಂದು ಪಿಸುಗುಟ್ಟಿದೆ.

"ನನಗೂ ಹಂಗ ಅನಸ್ತೈತಿ ಆಯಿ. ನಾ ಹೇಳಿದ್ರ ಮೊಬೈಲ್ ನೋಡಿ ಮಾತಾಡ್ತಿ ಅಂತಾನ ಸಣ್ಣಜ್ಜ. ನೀ ಹೇಳು."

ಹೇಳಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಬೀಗತಿ ನನ್ನ ಕಡೆ ತಿರುಗಿ, ಮುಖದ ತುಂಬ ನಗು ತಂದುಕೊಂಡು, "ಅಣ್ಣಾರು ಹೇಳಿದ್ದ ಚಂದ ಐತಲ್ರಿ ಅವ್ವಾರ?" ಎಂದರು. ಸಣ್ಣಜ್ಜ ಹೇಳಿದ ತೂಕದ ಹರಳು ಅವರಿಗೆ ಬಹಳ ಹಿಡಿಸಿದೆ ಎಂದುಕೊಂಡೆ. ಮಗಳ ಉಂಗುರದ ಮಾತಿನಲ್ಲಿ, ಹಣೆಯಲ್ಲಿ ಕುಂಕುಮವಿಲ್ಲದ ನಾನು ಬೇಡ ಎಂದು ಶುರು ಮಾಡುವುದೇ?

"ಹೂಂನ್ರಿ, ಚಂದ ಐತಿ," ಎಂದೆ.

ನಿಮ್ಮಣ್ಣ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ತಟ್ಟೆ ತೆಗೆದುಕೊಂಡು ಹೋದ. ಮೂವತ್ತೈದು ಸೆಂಟಿನ ಹರಳನ್ನು ಕಾಗದದ ಪುಡಿಕೆಯಲ್ಲಿ ಮಡಿಚಿ ಕೊಟ್ಟರು. ಮುಂಡರಗಿಯ ಬಸ್ಸಿನಲ್ಲಿ ಸಣ್ಣಜ್ಜ ಆ ಪುಡಿಕೆಯನ್ನು ಅಂಗಿಯ ಒಳಕಿಸೆಯಲ್ಲಿಟ್ಟು ಮೇಲೆ ಕೈ ಇಟ್ಟುಕೊಂಡೇ ಕೂತ. ನಾನು ಕಿಟಕಿಯಲ್ಲಿ ಕಪ್ಪತಗುಡ್ಡ ಬರುವವರೆಗೆ ಹೊರಗೇ ನೋಡುತ್ತಾ ಕೂತೆ. ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆಯಾಗಿತ್ತು.

ಹರಳನ್ನು ಅರಿವೆಯಲ್ಲಿ ಕಟ್ಟಿ ಜಗಲಿಯ ಮೇಲಿಟ್ಟೆವು, ಇನ್ನು ಮೂರು ದಿನ ಉಳಿದಿದ್ದವು. ನಾಲ್ಕನೆಯ ದಿನ ಹರಳು ಉಂಗುರಕ್ಕೆ ಕೂಡುವುದಿತ್ತು. ಜಗಲಿ ಇರುವುದು ನಾನು ಮಲಗುವ ಕೋಣೆಯಲ್ಲಿ, ಆದ್ದರಿಂದ ಕನಸಿನ ಜವಾಬ್ದಾರಿ ನನಗೇ ಬಂತು.

ಮೊದಲ ದಿನ ಸಣ್ಣಜ್ಜ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದು ಅತ್ತಿಗೆಯಾದ ನನ್ನನ್ನು ಕೇಳಿದ. "ವೈನಿ, ಏನರ ಕನಸು ಬಿತ್ತೇನು?"

"ಇಲ್ಲ. ಆದರ ಆ ಹರಳಿನ ನಡುವ ಮಬ್ಬ ಐತಿ. ಅದರ ಕಟಿಂಗ್..."

"ಕಟಿಂಗ್!" ಎಂದು ಜೋರಾಗಿ ನಕ್ಕ. "ಮೊಮ್ಮಗ ಸಾಲಿ ಕಲಿಸ್ಯಾನ ನಿನಗ. ಸರ್ಟಿಫಿಕೇಟ್ ಕೊಟ್ಟಾರಲ್ಲ ವೈನಿ, ಅದರಾಗ ಸುಳ್ಳ ಬರದಾರೇನು? ನಾ ಕೇಳಿದ್ದು ಕನಸು."

ಎರಡನೆಯ ದಿನ ನಿಮ್ಮ ಅಪ್ಪನಿಗೆ ಹೇಳಿದೆ. ಅವನು ಅಂಗಿ ತೊಡುತ್ತಾ, "ಅಂಗಡ್ಯಾಗ ನೀನ ಚಂದ ಐತಿ ಅಂದಿ ಅವ್ವಾ. ಈಗ ಕಾಕಾಗ ನಾ ಯಾವ ಬಾಯಿಲೆ ಹೇಳ್ಲಿ?" ಎಂದ. ನನಗೆ ಸಿಟ್ಟು ಬಂತು. ಅಡುಗೆ ಮನೆಗೆ ಹೋಗಿ ರೊಟ್ಟಿ ಬಡಿದೆ. ರೊಟ್ಟಿಗಳು ಎಂದಿಗಿಂತ ತೆಳ್ಳಗಾದವು.

ಮಧ್ಯಾಹ್ನ ನಿಮ್ಮಣ್ಣ ಊಟಕ್ಕೆ ಕೂತವನು ಮೆಲ್ಲಗೆ ಹೇಳಿದ: "ಆಯಿ, ಒಂದು ಕನಸು ಹೇಳಿಬಿಡು. ಮುಗೀತು."

"ಎಂಥ ಕನಸು?"

"ಹಾವು ಕಂಡಿತ್ತನ್ನು. ಇಲ್ಲಾಂದ್ರ ಹಲ್ಲು ಉದುರಿದಂಗ ಆತನ್ನು."

"ಉದುರಾಕ ಎಷ್ಟ ಹಲ್ಲ ಉಳದಾವೋ ನನಗ?"

ನಗಿಸಿದೆನೇ ಹೊರತು ಅವನ ಮಾತು ನನ್ನೊಳಗೆ ಇಳಿದುಬಿಟ್ಟಿತು. ಎಷ್ಟು ಸುಲಭ! ಒಂದು ಸುಳ್ಳು ಕನಸು ಹೇಳಿದರೆ ಸಣ್ಣಜ್ಜ ಮೊದಲ ಬಸ್ಸಿಗೇ ಹರಳು ತೆಗೆದುಕೊಂಡು ಗದಗಿಗೆ ಓಡುತ್ತಾನೆ. ಕಣ್ಣಾರೆ ಕಂಡದ್ದನ್ನು ಹೇಳಿದರೆ ನಗುತ್ತಾನೆ. ಅಂದು ಸಂಜೆಯವರೆಗೆ ನಾನು ಹಾವನ್ನು ಒಳಗೊಳಗೇ ಸಾಕಿದೆ. ಯಾವ ಬಣ್ಣ, ಎಲ್ಲಿ ಹರಿಯಿತು ಎಂದೆಲ್ಲ ಯೋಚಿಸಿದೆ.

ಆದರೆ ಹೇಳಲಾಗಲಿಲ್ಲ. ಅದಕ್ಕೆ ಕಾರಣವನ್ನು ನಿಮ್ಮಣ್ಣನಿಗೂ ನಾನು ಇಲ್ಲಿಯವರೆಗೆ ಹೇಳಿಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದ ತಿಂಗಳಲ್ಲೇ ಹಟ್ಟಿಯಲ್ಲಿದ್ದ ಜೋಡೆತ್ತಿನಲ್ಲಿ ಒಂದು ಸತ್ತಿತು. ಅದಕ್ಕೆ ವಯಸ್ಸಾಗಿತ್ತು, ಮೊದಲೇ ಮೇವು ಬಿಟ್ಟಿತ್ತು. ಆದರೂ ಬಾವಿಯ ಕಟ್ಟೆಯ ಮೇಲೆ ಹೆಂಗಸರು ಹೊಸ ಸೊಸೆಯ ಕಾಲ್ಗುಣ ಎಂದರು. ಯಾರೂ ನನ್ನ ಎದುರಿಗೆ ಅನ್ನಲಿಲ್ಲ. ನಾನು ಕೊಡ ಇಟ್ಟ ಕೂಡಲೇ ಮಾತು ನಿಲ್ಲುತ್ತಿತ್ತು, ಅಷ್ಟೇ. ಅಂದಿನಿಂದ ನಾನು ನಾಲ್ಕು ಜನರಲ್ಲಿ ಮಾತಾಡುವುದನ್ನೇ ಕಡಿಮೆ ಮಾಡಿದವಳು. ಈಗ ನಿಮ್ಮಣ್ಣನ ಹುಡುಗಿಗೆಂದು ತಂದ ಹರಳು ಮನೆಯಲ್ಲಿ ಹಾವಿನ ಕನಸು ತಂದಿತು ಎಂದರೆ, ಹರಳು ಗದಗಿಗೆ ಹಿಂದಕ್ಕೆ ಹೋಗುತ್ತದೆ, ಕನಸು ಮಾತ್ರ ಆ ಹುಡುಗಿಗೆ ಅಂಟಿಕೊಂಡು ಇಲ್ಲೇ ಉಳಿಯುತ್ತದೆ. ನಾಳೆ ಮನೆಯಲ್ಲಿ ಒಂದು ಎಮ್ಮೆ ಕೆಮ್ಮಿದರೂ ಆ ಕನಸು ಎದ್ದು ಕೂರುತ್ತದೆ. ಮಬ್ಬು ಹರಳು ಅದಕ್ಕಿಂತ ವಾಸಿ.

ಆದರೆ ಮಬ್ಬು ಹರಳನ್ನು ಅವಳು ಜನ್ಮವಿಡೀ ಯಾಕೆ ಹಾಕಿಕೊಳ್ಳಬೇಕು? ನಾನು ಹೂಂ ಅಂದದ್ದಕ್ಕೇ?

ಮೂರನೆಯ ದಿನ ಸಣ್ಣಜ್ಜ ಬಂದು, "ಹಾಂ ವೈನಿ?" ಎಂದ. ಪಡಸಾಲೆಯಲ್ಲಿ ಎಲ್ಲರೂ ಇದ್ದರು.

"ಕನಸು ಬಿದ್ದಿಲ್ಲ. ಹಾಲು ಒಡದಿಲ್ಲ. ಎಲ್ಲಾರೂ ಆರಾಮ ಅದೀವಿ. ಹರಳು ಆಗಿ ಬಂದೈತಿ," ಎಂದೆ. "ಆದರ ಅದು ಛಲೋ ಹರಳಲ್ಲ. ಬಾ ಇಲ್ಲೆ."

ನನ್ನ ದನಿ ನನಗೇ ಹೊಸದಾಗಿತ್ತು. ಜಗಲಿಯ ಮೇಲಿನ ಅರಿವೆ ಬಿಚ್ಚಿ, ಹರಳನ್ನು ಅಂಗೈಯಲ್ಲಿಟ್ಟುಕೊಂಡು ತೊಲೆಬಾಗಿಲ ನೆರಳಿಗೆ ಹೋದೆ. ಅವನು ಕನ್ನಡಕ ಹಣೆಗೇರಿಸಿ ಬಗ್ಗಿದ.

"ನಡುವ ನೋಡು. ಕರ್ರಗೈತಿಲ್ಲೋ?"

"ಐತಿ... ನೆರಳು ಬಿದ್ದಿರಬೇಕು."

"ಕೈ ತಿರುವ್ತೀನಿ. ಈಗ ನೋಡು. ಎತ್ತ ತಿರುವಿದ್ರೂ ಕರ್ರಗ. ನೀ ಕೊಟ್ಟ ರೊಕ್ಕದ ತೂಕ ಎಲ್ಲಾ ತಳದಾಗ ಕುಂತೈತಿ. ದಪ್ಪ ತಳದ ಸೇರಿನ್ಯಾಗ ಕಾಳ ಅಳದಂಗ ಆಗೈತಿದು. ಹೊರಗಿಂದ ಸೇರು ದೊಡ್ಡದು, ಒಳಗ ಹಿಡಿಯೂದು ಕಡಿಮಿ."

ಅಷ್ಟು ಸಾಕಾಯಿತು. ಇಳಿಜಾರು, ಬೆಳಕು ಎಂದಿದ್ದರೆ ಇನ್ನೂ ನಗುತ್ತಿದ್ದ. ಸೇರಿನ ಮಾತು ಕೇಳಿದ್ದೇ ಕಾಳಿನ ದಲಾಲಿಯ ಮುಖ ಕೆಂಪಾಯಿತು. ಹರಳನ್ನು ತಾನೇ ಬೆರಳಲ್ಲಿ ಹಿಡಿದು, ಒಳಗೆ ಹೊರಗೆ ಎರಡು ಸಲ ಓಡಾಡಿ ನೋಡಿದ.

"ಅಂಗಡ್ಯಾಗ ಯಾಕ ಹೇಳಲಿಲ್ಲ ವೈನಿ?" ಎಂದು ಗುಡುಗಿದ. "ಆರು ಮಂದಿ ಮುಂದ ಚಂದ ಐತಿ ಅಂದವರು ನೀವ ಅಲ್ಲೇನು?"

ಏಕವಚನದಿಂದ ಬಹುವಚನಕ್ಕೆ ಹೋದನೆಂದರೆ ಅವನಿಗೆ ನಿಜವಾದ ಸಿಟ್ಟು. ಅವನು ಕೇಳಿದ್ದು ಸರಿಯಾಗಿಯೇ ಇತ್ತು.

ಮರುದಿನ ಸಣ್ಣಜ್ಜ, ನಿಮ್ಮಣ್ಣ, ನಾನು ಗದಗಿಗೆ ಹೋದೆವು. ದಾರಿಯುದ್ದಕ್ಕೂ ಸಣ್ಣಜ್ಜ ಒಂದೇ ಮಾತು: "ಆಗಿ ಬರಲಿಲ್ಲ ಅಂತ ಹೇಳೂನು. ಮರ್ಯಾದಿಗೆ ಮರ್ಯಾದಿ ಉಳೀತೈತಿ." ಅಂಗಡಿಯವನು ಪುಡಿಕೆ ನೋಡಿದ ಕೂಡಲೇ ತಾನೇ ಕೇಳಿದ, "ಆಗಿ ಬರಲಿಲ್ಲೇನ್ರಿ?" ಸಣ್ಣಜ್ಜ ತಲೆಯಾಡಿಸಲು ಹೊರಟಿದ್ದ.

"ಆಗಿ ಬಂದೈತ್ರಿ," ಎಂದೆ. "ಕಟಿಂಗ್ ಸರಿ ಇಲ್ಲ."

"ನಮ್ಮಲ್ಲಿ ಎಲ್ಲಾ ಹರಳೂ ಹೊಳೀತಾವ್ರಿ ಅಮ್ಮಾರ."

"ಹಂಗಾದ್ರ ಮ್ಯಾಲಿನ ದೀಪ ಆರಸ್ರಿ."

ಅವನು ಸಣ್ಣಜ್ಜನ ಮುಖ ನೋಡಿದ. ಸಣ್ಣಜ್ಜ ಗೋಡೆಯ ಕ್ಯಾಲೆಂಡರ್ ನೋಡಿದ. ಕೊನೆಗೆ ಅಂಗಡಿಯವನು ಮುಖ ಗಂಟಿಕ್ಕಿಕೊಂಡು ಗುಂಡಿ ಒತ್ತಿದ. ಮೇಜಿನ ಮೇಲಿದ್ದ ಬಂಗಾರವೆಲ್ಲ ಒಮ್ಮೆಗೇ ಹಿತ್ತಾಳೆಯಂತಾಯಿತು. ನಮ್ಮ ಮೂವತ್ತೈದು ಸೆಂಟಿನದು ಸತ್ತುಹೋಯಿತು. ನಿಮ್ಮಣ್ಣ ಪಕ್ಕದಲ್ಲಿ ತೆಗೆಸಿಟ್ಟಿದ್ದ ಇಪ್ಪತ್ತೆಂಟರದು ಬೀದಿಯ ಬೆಳಕಿನಷ್ಟರಲ್ಲೇ ಕಣ್ಣು ಮಿಟುಕಿಸುತ್ತಿತ್ತು. ಅಂಗಡಿಯವನು ಮೂವತ್ತೈದರದನ್ನು ಹಿಂದಕ್ಕೆ ತೆಗೆದುಕೊಂಡು ಇಪ್ಪತ್ತೆಂಟರದನ್ನು ನಮ್ಮ ಮುಂದೆ ಸರಿಸಿದ. ನಿಮ್ಮಣ್ಣ ಅದನ್ನೇ ಉಂಗುರಕ್ಕೆ ಕೂಡಿಸಲು ಕೊಟ್ಟ. ಸಣ್ಣಜ್ಜ ಹೊರಗೆ ಬಂದವನು ನನಗೆ ಚಹಾ ಕುಡಿಯುತ್ತೀಯಾ ಎಂದೂ ಕೇಳಲಿಲ್ಲ. ಒಂದು ವಾರ ನಮ್ಮ ಪಡಸಾಲೆಗೆ ಬರಲಿಲ್ಲ.

ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ನಿಶ್ಚಯದ ದಿನ ಶಿರಹಟ್ಟಿ ದಾಟಿ ಲಕ್ಷ್ಮೇಶ್ವರ ಮುಟ್ಟಿದಾಗ ಹೊತ್ತು ಏರಿತ್ತು. ಉಂಗುರ ಹಾಕಿದ್ದಾಯಿತು, ಉಡಿ ತುಂಬಿದ್ದಾಯಿತು. ನಾನು ಒಳಗಿನ ಕೋಣೆಯಲ್ಲಿ ಕೂತಿದ್ದೆ. ಬಾಗಿಲ ಆಚೆ ಬೀಗತಿ ತಮ್ಮ ತಂಗಿಗೆ ಉಂಗುರದ ಪೆಟ್ಟಿಗೆಯಲ್ಲಿದ್ದ ಸರ್ಟಿಫಿಕೇಟ್ ತೋರಿಸುತ್ತಿದ್ದರು.

"ಅಂಗಡ್ಯಾಗ ಆರಿಸಿದ್ದು ಮೂವತ್ತೈದರದು. ಇದರಾಗ ಇಪ್ಪತ್ತೆಂಟು ಅಂತ ಐತಿ. ನಮಗ ತಿಳಿಯಂಗಿಲ್ಲ ಅಂತ ಸಣ್ಣದು ಮಾಡ್ಯಾರ ನೋಡು."

ನನ್ನ ಮೈ ಉರಿದುಹೋಯಿತು. ನಾಲ್ಕು ದಿನ ಕುದ್ದು, ಮೈದುನನ ಮಾತು ಕಳೆದುಕೊಂಡು, ಪರ ಊರಿನ ಅಂಗಡಿಯಲ್ಲಿ ದೀಪ ಆರಿಸಿದ್ದಕ್ಕೆ ಇದು ಬಂತು! ಬೇರೆ ದಿನವಾಗಿದ್ದರೆ ಕೇಳಿಸಲಿಲ್ಲವೆಂಬಂತೆ ಕೂತಿರುತ್ತಿದ್ದೆ. ಎದ್ದು ಹೋದೆ.

"ಸಣ್ಣದು ಮಾಡಿಸಿದಾಕಿ ನಾನ್ರಿ," ಎಂದೆ. ಇಬ್ಬರೂ ಬೆಚ್ಚಿಬಿದ್ದರು. "ಬೆಲಿ ಅಷ್ಟ ಐತಿ. ಬಿಲ್ ಬೇಕಂದ್ರ ತರಸ್ತೀನಿ. ಮೊದಲಿಂದರ ನಡುವ ಕರ್ರಗಿತ್ತು. ನಿಮ್ಮ ಮಗಳು ದಿನಾ ನೋಡೂ ಉಂಗುರ ಅದು, ಮಬ್ಬ ಇರಬಾರದಂತ ಬದಲಿಸಿದ್ನಿ. ಕರೀರಿ ಆಕಿನ್ನ, ಇಲ್ಲೇ ಕತ್ತಲಾಗ ನೋಡ್ರಿ."

ಹುಡುಗಿ ಬಂದಳು. ಕೋಣೆಗೆ ಕಿಟಕಿಯೊಂದೇ, ಅದೂ ಅರ್ಧ ಮುಚ್ಚಿತ್ತು. ಅವಳ ಕೈ ಹಿಡಿದು ಬೆರಳು ಅಲುಗಿಸಿದೆ. ಆ ಮಸುಕಿನಲ್ಲೂ ಹರಳು ಕಿಡಿ ಕಾರಿತು. ತಂಗಿ ಅಯ್ಯ ಎಂದಳು. ಬೀಗತಿ ಬಹಳ ಹೊತ್ತು ನೋಡಿ, ಸೆರಗಿನಿಂದ ಬಾಯಿ ಒತ್ತಿಕೊಂಡರು.

"ತಪ್ಪಾತ್ರಿ ಅವ್ವಾರ. ಖರೆ ಹೇಳ್ತೀನಿ, ಅಂಗಡ್ಯಾಗ ನನಗೂ ಅದು ಮಬ್ಬ ಕಂಡಿತ್ತು."

"ನನಗೂ," ಎಂದಳು ಹುಡುಗಿ, ನೆಲ ನೋಡುತ್ತಾ. "ನಾ ಇದನ್ನ ನೋಡಾಕತ್ತಿದ್ನಿ."

"ಮತ್ತ ಯಾಕ ಹೇಳಲಿಲ್ಲ?" ನನ್ನ ದನಿ ಏರಿಯೇ ಬಿಟ್ಟಿತು. "ಬೆಟಗೇರ್ಯಾಗ ಸೀರಿ ಹಿಂಡಿ ಹಿಂಡಿ ನೋಡಿದವರು ನೀವು!"

"ಅಣ್ಣಾರು ಮನಸ್ಸ ಮಾಡಿದ್ರು. ಅದಕ್ಕ ನಿಮ್ಮನ್ನ ಕೇಳಿದ್ನಲ್ರಿ. ಹಿರಿಯಾರು ಬ್ಯಾಡ ಅಂದ್ರ ನಾನೂ ಬ್ಯಾಡ ಅನ್ನೂನು ಅಂತ ನಿಮ್ಮ ಬಾಯಿ ನೋಡಿದ್ನಿ. ನೀವು ಚಂದ ಐತಿ ಅಂದ್ರಿ."

ನಾನು ಬಾಗಿಲ ಚೌಕಟ್ಟಿಗೆ ಒರಗಿದೆ. ಹೊರಗೆ ಎಲೆ ಹಾಕಿದ್ದರು, ಗಂಡಸರು ಕೂಗುತ್ತಿದ್ದರು. ಹುಡುಗಿ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ. ಬಿಡಿಸಿಕೊಳ್ಳಬೇಕೆನ್ನುವಷ್ಟು ಸಿಟ್ಟಿತ್ತು ನನಗೆ, ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಬಿಡಿಸಿಕೊಳ್ಳಲಿಲ್ಲ.